ಬೆಚ್ಚಗಿದ್ದ ಎಂಜಿನ್

ಮಾರ್ಚ್ 4, ಮಂಗಳವಾರ

ಹತ್ತು ಮಂಡಿ, ಮೂರು ಭುಜ, ಒಂದು ಕುತ್ತಿಗೆ. ಇವತ್ತಿನ ಫಿಜಿಯೋಥೆರಪಿ ಕ್ಲಿನಿಕ್ ಅಷ್ಟೇ. ಊಟದ ಹೊತ್ತಿನಲ್ಲಿ ಮತ್ತೆ ಅದೇ ಜಾಹೀರಾತು ತೆಗೆದು ನೋಡಿದೆ. ಹಳೆಯ ಕಾಲದ ಮೋಟರ್‌ಸೈಕಲ್. ಒಂದೇ ಕೈಯಲ್ಲಿದ್ದದ್ದು. ತೊಂಬತ್ತೊಂದು ಸಾವಿರ ಕಿಲೋಮೀಟರ್ ಓಡಿದೆ. ಮಾರುವವರು ಗಡಿಯಾರ ರಿಪೇರಿ ಮಾಡುತ್ತಿದ್ದವರಂತೆ. ಈಗ ಅಂಗಡಿ ಮುಚ್ಚಿದ್ದಾರೆ.

ನನಗೆ ನಲವತ್ತಾರು. ಗೇರ್ ಗಾಡಿ ಓಡಿಸಲು ಕಲಿತದ್ದು ಹೋದ ವರ್ಷ, ಶನಿವಾರದ ಕ್ಲಾಸಿನಲ್ಲಿ, ನನ್ನ ಅರ್ಧ ವಯಸ್ಸಿನವರ ಜೊತೆ. ನನಗೆ ಬೇಕಾಗಿರುವುದು ಗಾಡಿಯೋ, ಅದರ ಮೇಲೆ ಕೂತಾಗ ನಾನಾಗಬಹುದಾದ ಬೇರೆ ಒಬ್ಬಳೋ? ಗೊತ್ತಿಲ್ಲ.

ಗಂಡನಿಗೆ ಹೇಳಿದೆ. ಟಿವಿ ಮ್ಯೂಟ್ ಮಾಡಿದ.

"ತೊಂಬತ್ತೊಂದು ಸಾವಿರಾನಾ? ಮೊದಲು ಅದಕ್ಕೇ ನಿನ್ನ ಕ್ಲಿನಿಕ್‌ನಲ್ಲಿ ಟ್ರೀಟ್‌ಮೆಂಟ್ ಕೊಡ್ಬೇಕು ಕಣೇ!"

"ನನ್ನ ಮೀಟರ್ ಎಷ್ಟಾಗಿದೆ ಅಂತ ಯಾವತ್ತಾದ್ರೂ ಕೇಳಿದ್ಯಾ?"

"ಅಯ್ಯೋ, ಅಷ್ಟು ಧೈರ್ಯ ನನಗಿಲ್ಲಪ್ಪ."

ನಕ್ಕೆವು. ಬೇಡ ಅನ್ನಲಿಲ್ಲ. ತಗೋ ಅಂತಲೂ ಅನ್ನಲಿಲ್ಲ. ಈ ಮನೆಯಲ್ಲಿ ನಿರ್ಧಾರ ಯಾವಾಗಲೂ ನನ್ನ ತಲೆಗೇ.

ಮಾರ್ಚ್ 7, ಶುಕ್ರವಾರ

ಸ್ಕೂಟರ್ ಬ್ರೇಕ್ ನೆಪ ಮಾಡಿಕೊಂಡು ಮೆಕ್ಯಾನಿಕ್ ಹತ್ತಿರ ಹೋದೆ. ವಿಷಯ ಬಾಯಿಬಿಟ್ಟೆ.

"ಮೇಡಂ, ಹೋದ ತಕ್ಷಣ ಬಣ್ಣ-ಗಿಣ್ಣ ನೋಡ್ಬೇಡಿ. ಮಾತಾಡ್ತಾ ಮಾತಾಡ್ತಾ ಎಂಜಿನ್ ಮೇಲೆ ಕೈಯಿಡಿ. ತಣ್ಣಗಿದ್ರೆ ಮನುಷ್ಯ ಸಾಚಾ. ಬೆಚ್ಚಗಿದ್ರೆ ನೀವು ಬರೋ ಮುಂಚೆನೇ ಸ್ಟಾರ್ಟ್ ಮಾಡಿಟ್ಟಿದಾರೆ ಅಂತ. ತಣ್ಣಗಿರೋ ಗಾಡಿ ಸುಲಭಕ್ಕೆ ಏಳಲ್ಲ ಅನ್ನೋದನ್ನ ಮುಚ್ಚಿಡೋ ಆಟ ಅದು."

"ಬೆಚ್ಚಗಿದ್ರೆ ಏನ್ಮಾಡ್ಲಿ?"

"ಕಾಫಿ ಕೊಟ್ರೆ ಕುಡಿದು ಎದ್ದು ಬನ್ನಿ."

ಮಾರ್ಚ್ 9, ಭಾನುವಾರ

ಹೋಗಿ ಬಂದೆ. ಕಪ್ಪು ಟ್ಯಾಂಕ್. ಮಂಡಿ ತಾಗುವ ಜಾಗದಲ್ಲಿ ಎರಡೂ ಕಡೆ ಬಣ್ಣ ಸವೆದು ಲೋಹ ಕಾಣುತ್ತಿದೆ. ಅದನ್ನು ನೋಡಿದಾಗಲೇ ಮನಸ್ಸು ಅರ್ಧ ಸೋತಿತು.

ಗಡಿಯಾರದವರು ಎಪ್ಪತ್ತು ದಾಟಿದವರು. ವರಾಂಡದ ಕಂಬ ಹಿಡಿದು ನಿಂತೇ ಮಾತಾಡಿದರು. ಮೂರು ನೋಟ್‌ಬುಕ್ ಕೊಟ್ಟರು — ಆಯಿಲ್ ಬದಲಿಸಿದ ತಾರೀಕು, ಒಂದೊಂದು ಪಂಕ್ಚರ್, ಚೈನ್ ಬಿಗಿ ಮಾಡಿದ್ದು, ಎಲ್ಲ ಇದೆ. ಮುತ್ತಿನಂಥ ಅಕ್ಷರ. ಅಲ್ಲೇ ಕೂತು ಪೂರ್ತಿ ಓದಿದೆ. ಇಷ್ಟು ಬರೆದಿಟ್ಟವರು ಏನನ್ನಾದರೂ ಮುಚ್ಚಿಡುತ್ತಾರಾ ಅಂದುಕೊಳ್ಳುತ್ತಲೇ ಎಂಜಿನ್ ಮೇಲೆ ಕೈ ಇಟ್ಟೆ.

ಬೆಚ್ಚಗಿತ್ತು.

"ಬೆಳಗ್ಗೆ ಎಲ್ಲಾದ್ರೂ ಹೋಗಿದ್ರಾ ಸರ್?"

"ಇಲ್ಲಮ್ಮ. ಬಿಸಿಲಿಗೆ ಕಾದಿದೆ."

ಗಾಡಿ ನಿಂತಿದ್ದದ್ದು ನೆರಳಿನಲ್ಲಿ. ಬಾಗಿಲಲ್ಲಿದ್ದ ಅವರ ಹೆಂಡತಿ ತಟ್ಟನೆ ಒಳಗೆ ಹೋದರು. ಕಾಫಿ ಕುಡಿದು, ಯೋಚನೆ ಮಾಡಿ ಹೇಳ್ತೀನಿ ಎಂದು ಎದ್ದು ಬಂದೆ.

ಮೋಸ ಹೋಗಲಿಲ್ಲ ಎಂಬ ಸಮಾಧಾನ ಇರಬೇಕಿತ್ತು. ಇಲ್ಲ.

ಮಾರ್ಚ್ 15, ಶನಿವಾರ

ಗಡಿಯಾರದವರ ಹೆಂಡತಿಯ ಫೋನ್. ಪಿಸುದನಿ.

"ಯಾಕಮ್ಮ ಮತ್ತೆ ಬರ್ಲೇ ಇಲ್ಲ?"

ಇದ್ದದ್ದು ಇದ್ದ ಹಾಗೆ ಹೇಳಿದೆ.

"ಗಾಡಿಗೇನೂ ಆಗಿಲ್ಲ ತಾಯಿ. ಆಗಿರೋದು ಇವರ ಕಾಲಿಗೆ. ನಿಮ್ಮೆದುರಿಗೆ ಕಿಕ್ ಹೊಡೆಯೋಕಾಗದೆ ನಿಂತುಬಿಟ್ರೆ ಮರ್ಯಾದೆ ಏನಾಗ್ಬೇಕು ಅಂತ, ನೀವು ಬರೋಕ್ಕೆ ಮುಂಚೆ ಪಕ್ಕದ ಮನೆ ಡ್ರೈವರ್‌ನ ಕರೆಸಿ ಸ್ಟಾರ್ಟ್ ಮಾಡಿಸಿದ್ರು. ಬಿಸಿ ಇದ್ರೆ ಮೆಲ್ಲಗೆ ಒತ್ತಿದ್ರೂ ಏಳುತ್ತಂತೆ."

"ಈಗಲೂ ಓಡಿಸ್ತಾರಾ?"

"ಡ್ರೈವರ್ ಸ್ಟಾರ್ಟ್ ಮಾಡಿಕೊಟ್ರೆ ಹೊರಟೇ ಬಿಡ್ತಾರೆ. ಹೋದ ತಿಂಗಳು ಸಿಗ್ನಲ್‌ನಲ್ಲಿ ಕಾಲೂರೋಕಾಗದೆ ಗಾಡಿ ಸಮೇತ ವಾಲಿದ್ರಂತೆ. ನನಗೆ ಹೇಳ್ಲಿಲ್ಲ, ಡ್ರೈವರ್ ಹೇಳಿದ. ಗಾಡಿ ಕೊಳ್ಳೋಕೆ ಬಂದವರನ್ನೆಲ್ಲ ಏನೋ ಕೊಂಕು ತೆಗೆದು ಸಾಗಹಾಕ್ತಾರೆ. ನೀವು ನೋಟ್‌ಬುಕ್ ಪೂರ್ತಿ ಓದಿದ್ರಲ್ಲ... ಆಕೆಗಾದ್ರೆ ಕೊಡಬಹುದು ಅಂದ್ರು. ನೀವು ತಗೊಳ್ಳದಿದ್ರೆ ಅದು ಇಲ್ಲೇ ಇರುತ್ತೆ. ಇಲ್ಲಿದ್ರೆ ಇವರು ಹತ್ತುತ್ತಾರೆ."

ದಿನಕ್ಕೆ ಹತ್ತು ಮಂಡಿ ನೋಡುವವಳು ನಾನು. ಒಂದು ಗಂಟೆ ಆ ಮನುಷ್ಯ ಕಂಬ ಬಿಡಲಿಲ್ಲ, ಒಮ್ಮೆಯೂ ಕೂರಲಿಲ್ಲ. ನಾನು ನೋಡಿದ್ದು ಎಂಜಿನ್ ಮಾತ್ರ.

ಮಾರ್ಚ್ 16, ಭಾನುವಾರ

ಕೆಡಿಸಿಬಿಟ್ಟೆ.

ಹೋದವಳು ಗಾಡಿಯ ಮಾತೇ ಎತ್ತಲಿಲ್ಲ. "ಸರ್, ಒಂದ್ಸಲ ಮಂಡಿ ನೋಡ್ಲಾ?" ಅಂದೆ. ಅವರು ಹೆಂಡತಿಯ ಕಡೆ ನೋಡಿದರು. ಆಮೇಲೆ ನನ್ನ ಕಡೆ.

"ಮಾರೋಕಿಟ್ಟಿದ್ದು ಗಾಡಿನಮ್ಮ, ನನ್ನನ್ನಲ್ಲ. ಈಗ ಅದನ್ನೂ ಮಾರೋದಿಲ್ಲ. ಹೊರಡಿ."

ಹೊರಟೆ. ಇಂಥ ಕರುಣೆಯನ್ನು ಯಾರಾದರೂ ನನಗೆ ತೋರಿಸಿದ್ದರೆ ನಾನೂ ಬಾಗಿಲು ತೋರಿಸುತ್ತಿದ್ದೆ. ಉಪಕಾರ ಮಾಡುವವಳ ಹಾಗೆ ಹೋಗಿ ನಿಂತೆ. ಗಾಡಿ ನನಗೆ ಬೇಕು ಎಂಬ ಒಂದು ಮಾತು ಬಾಯಿಂದ ಬರಲಿಲ್ಲ. ಬೇರೆಯವರಿಗಾಗಿ ಎಂದರೆ ಎಷ್ಟು ಸಲೀಸಾಗಿ ಮಾಡುತ್ತೇನೆ. ಬೇಕು ಅನ್ನಲು ಮಾತ್ರ...

ಮಾರ್ಚ್ 29, ಶನಿವಾರ

ಹದಿಮೂರು ದಿನ ಏನೂ ಬರೆಯಲಿಲ್ಲ. ಬರೆಯುವಂಥದ್ದೂ ಇರಲಿಲ್ಲ.

ಇವತ್ತು ಫೋನ್ ಮಾಡದೆ ಹೋದೆ. ಗೇಟಿನಲ್ಲೇ ಹೇಳಿದೆ.

"ಸರ್, ಮಂಡಿ ನೋಡೋಕೆ ಬಂದಿಲ್ಲ. ಈ ಗಾಡಿ ನನಗೆ ಬೇಕು."

"ಯಾಕೆ?"

"ಯಾಕೆ ಅಂತ ಗೊತ್ತಾಗೋವರೆಗೂ ಕಾದ್ರೆ ನನಗೂ ಎಪ್ಪತ್ತಾಗುತ್ತೆ."

ಎಂಜಿನ್ ಕಡೆ ಕೈ ತೋರಿಸಿದರು. "ಮುಟ್ಟಿ ನೋಡಿ," ಅಂದರು. ಮುಟ್ಟಿದೆ. ತಣ್ಣಗಿತ್ತು. ಅವತ್ತಿನ ಬಿಸಿಯ ಗುಟ್ಟು ನನಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತು.

"ಸ್ಟಾರ್ಟ್ ಮಾಡಿ."

ಒಂದು. ಎರಡು. ಐದು. ಬೆವರು.

"ಏನು, ಕೋಪಾನಾ ಅದರ ಮೇಲೆ? ಒದೀಬೇಡಿ. ಮೊದಲು ಮೆಲ್ಲಗೆ ಒತ್ತಿ. ಗಟ್ಟಿ ಸಿಕ್ತಾ? ಹಾಂ. ಈಗ ಪೆಡಲ್ ಮೇಲಕ್ಕೆ ಬಿಟ್ಟು, ಪೂರ್ತಿ ಮೈಭಾರ ಹಾಕಿ."

ಹದಿನಾಲ್ಕನೆಯದಕ್ಕೆ ಎದ್ದಿತು. ಎದೆಯೊಳಗೆ ಯಾರೋ ಬಾಗಿಲು ತಟ್ಟಿದ ಹಾಗೆ ಸದ್ದು. ಏನು ತೋಚಿತೋ, "ಹಿಂದೆ ಕೂರ್ತೀರಾ ಸರ್?" ಅಂದುಬಿಟ್ಟೆ.

"ಹಿಂದೆ ಕೂತು ನನಗೆ ಅಭ್ಯಾಸ ಇಲ್ಲ."

ಬಾಗಿಲಿನಿಂದ ಹೆಂಡತಿ: "ಮೂವತ್ತೊಂದು ವರ್ಷ ನಾನು ಕೂತಿಲ್ವಾ? ಏನೂ ಆಗಲ್ಲ, ಕೂತ್ಕೊಳ್ಳಿ!"

ಕೂತರು. ಬೀದಿಯ ತುದಿಯವರೆಗೆ ಹೋಗಿ ತಿರುಗಿಸಿದೆ. ತಿರುವಿನಲ್ಲಿ ನನಗಿಂತ ಮುಂಚೆ ಅವರ ಮೈ ವಾಲಿತು. ಗಾಡಿ ಅವರ ಮಾತನ್ನೇ ಕೇಳಿತು. ಇಳಿಯಲು ತುಂಬ ಹೊತ್ತು ಹಿಡಿಯಿತು. ನಾನು ಕನ್ನಡಿಯಲ್ಲೂ ನೋಡಲಿಲ್ಲ.

ಕಾಗದಕ್ಕೆ ಸಹಿ ಹಾಕಿದರು. ಪೆನ್ನಿನ ಕ್ಯಾಪ್ ಮುಚ್ಚುತ್ತಾ, ತಲೆ ಎತ್ತದೆ: "ಸೋಮವಾರ ಕ್ಲಿನಿಕ್ ಎಷ್ಟು ಗಂಟೆಗೆ ತೆಗೀತೀರಿ?"

ಮಾರ್ಚ್ 31, ಸೋಮವಾರ, 10.20, ಕ್ಲಿನಿಕ್

ಒಂಬತ್ತೂವರೆಗೇ ಇಬ್ಬರೂ ಆಟೋದಲ್ಲಿ ಬಂದರು. ಟೇಬಲ್ ಮೇಲೆ ಮಲಗಿಸಿದೆ. ಬಲಗಾಲು ಕಬ್ಬಿಣದಷ್ಟು ಬಿಗಿ. ಮಂಡಿಯ ಪಕ್ಕ ಕೋನ ಅಳೆಯುವ ಸ್ಕೇಲ್ ಹಿಡಿದು ಬಾಗಿಸಿದೆ. ತೊಂಬತ್ತೆರಡು ಡಿಗ್ರಿಗೆ ನಿಂತಿತು. ಹಲ್ಲು ಕಚ್ಚಿಕೊಂಡು ಚಾವಣಿ ನೋಡುತ್ತಿದ್ದರು.

"ಬೆಳಗ್ಗೆ ಗಾಡಿ ಎಷ್ಟು ಕಿಕ್‌ಗೆ ಎದ್ದಿತು?"

ಕಡಿಮೆ ಹೇಳೋಣ ಅನ್ನಿಸಿತು. ಹೇಳಲಿಲ್ಲ.

"ಹತ್ತೊಂಬತ್ತು ಸರ್. ನನ್ನ ಗಂಡ ಗಟ್ಟಿಯಾಗಿ ಎಣಿಸ್ತಾ ಇದ್ದ. ಎದುರುಮನೆಯವರು ಕುರ್ಚಿ ತಂದು ಹಾಕ್ಕೊಂಡ್ರು."

ಹೊಟ್ಟೆ ಕುಲುಕಿಸಿಕೊಂಡು ನಕ್ಕರು. ಅವರ ಹೆಂಡತಿಯೂ. ನನ್ನ ಕೈಯಲ್ಲಿದ್ದ ತೊಡೆ ಅವರಿಗೇ ಗೊತ್ತಿಲ್ಲದೆ ಸಡಿಲವಾಯಿತು. ಆ ನಗುವಿನಲ್ಲೇ ಮೆಲ್ಲಗೆ ಬಾಗಿಸುತ್ತಾ ಹೋದೆ. ತೊಂಬತ್ತಾರು. ತೊಂಬತ್ತೊಂಬತ್ತು. ನೂರಾ ಮೂರು. ನೂರಾ ಎಂಟು. ಅವರಿನ್ನೂ ನಗುತ್ತಲೇ ಇದ್ದರು.