ಟೋಪಿಯೊಳಗಿನ ಪಟ್ಟಿಗಳು

ಫುಯೆಂತೆಸೆಕಾ, ಕೊರ್ದೊಬಾ ಸೀಮೆ
೧ ಜೂನ್ ೧೯೩೯

ಪ್ರೀತಿಯ ಲೆಯಾಂದ್ರೊ,

ನಿನ್ನ ಕೆಮ್ಮು ಹೇಗಿದೆ? ತಾಂಜಿಯರ್‌ನ ಕಡಲ ಗಾಳಿ ಎದೆಗೆ ಒಳ್ಳೆಯದಲ್ಲ, ಕೊರಳಿಗೆ ಬಟ್ಟೆ ಸುತ್ತಿಕೊ. ನಾನು ಆರೋಗ್ಯವಾಗಿದ್ದೇನೆ. ಶಾಲೆಯ ಕೆಲಸ ಹೋಯಿತು. ಕವಿತೆಯ ಪುಸ್ತಕಗಳನ್ನು ನಾನೇ ಒಲೆಗೆ ಹಾಕಿದೆ. ಬಾಯಿಪಾಠವಾದದ್ದನ್ನು ಯಾರೂ ಜಪ್ತಿ ಮಾಡಲಾರರು. ಈ ಕಾಗದವನ್ನು ಕುದುರೆ ವ್ಯಾಪಾರಿಯ ಹೆಂಡತಿ ಎಫಿಗೇನಿಯಾ ನಿನ್ನ ಕೈಗೇ ಕೊಡುವುದರಿಂದ ಬಿಚ್ಚಿ ಬರೆಯುತ್ತಿದ್ದೇನೆ. ಕೂತು, ಕೊನೆಯವರೆಗೂ ಓದು.

ಅಜ್ಜಿಯ ಸವಾರಿ ಟೋಪಿ ನೆನಪಿದೆಯಲ್ಲ, ಚಪ್ಪಟೆ ನೆತ್ತಿಯದು, ಅಗಲ ಅಂಚಿನದು? ಅದು ಜಮೀನ್ದಾರರ ಟೋಪಿ ಎಂದು ಯಾರಾದರೂ ಅಂದರೆ ಅಜ್ಜಿ ಬಿಡುತ್ತಿರಲಿಲ್ಲ: "ನಿಮ್ಮಜ್ಜ ಕುದುರೆ ಹತ್ತೋಕ್ಕೆ ಮುಂಚೆ ಇದು ಗೋಧಿ ಕೊಯ್ಯೋ ಕೂಲಿಯವರ ತಲೆ ಮೇಲಿತ್ತು ಕಣ್ರೀ!" ಅಜ್ಜಿಯ ನಂತರ ಅದು ನಿನ್ನ ಮಗಳು, ತಾಯಿಯಿಲ್ಲದ ರೊಸೌರಾಳ ಪಾಲಿಗೆ ಬಂತು. ಜಡೆ ಸುತ್ತಿ ಕತ್ತಿನ ಹಿಂದೆ ಗಂಟು ಹಾಕಿದರೆ ಮಾತ್ರ ಅದು ಸರಿಯಾಗಿ ಕೂರುತ್ತಿತ್ತು. ನೀನು ಸಂಘದ ಕಚೇರಿಯಿಂದ ಬಂದವನೇ ಟೋಪಿ ಎತ್ತಿ, ಮಗಳ ನೆತ್ತಿಗೆ ಮುತ್ತಿಟ್ಟು, ಮತ್ತೆ ಕೂರಿಸುತ್ತಿದ್ದೆ.

ಏಪ್ರಿಲ್‌ನಲ್ಲಿ ಅಂತರ್ಯುದ್ಧ ಮುಗಿದು, ಗೆದ್ದವರ ಬ್ಯಾಂಡು ಊರಿಗೆ ಬಂತು. ಕೂಲಿ ಸಂಘ ಕಟ್ಟಿದವನ ಮಗಳೆಂದು ರೊಸೌರಾಳನ್ನು ಚೌಕಕ್ಕೆ ಎಳೆದೊಯ್ದರು. ಅಪ್ಪ ಎಲ್ಲಿ ಎಂದರು. ಅವಳು ಬಾಯಿ ಬಿಡಲಿಲ್ಲ. ತಲೆ ಬೋಳಿಸಲು ನಿಲ್ಲಿಸಿದ್ದು ನಿನ್ನ ಕ್ಷೌರಿಕ ಕಾಸ್ತೊನನ್ನೇ. "ಅಲ್ಲಾಡ್ಬೇಡ ಮಗಳೇ, ಕತ್ತಿ ತಗಲತ್ತೆ" ಎನ್ನುತ್ತಲೇ ಅವನ ಕತ್ತಿ ಅಲ್ಲಲ್ಲಿ ತಗಲಿತು. ಆಮೇಲೆ ಬ್ಯಾಂಡಿನ ಹಿಂದೆ ಊರೆಲ್ಲ ನಡೆಸಿದರು. ಮನೆಗೆ ಬಂದು ಟೋಪಿ ಹಾಕಿಕೊಂಡಳು. ಅದು ಮೂಗಿನವರೆಗೆ ಇಳಿಯಿತು. ಅದರೊಳಗಿಂದಲೇ ಕೇಳಿದಳು: "ಅತ್ತೆ, ನಾನು ಇಷ್ಟೇನಾ?" ಟೋಪಿ ಮಾಡುವ ಬಾಲ್ದೊಮೆರೊ ಒಳಗಿನ ಚರ್ಮದ ಹಿಂದೆ ಉಣ್ಣೆಯ ಪಟ್ಟಿಗಳನ್ನು ಒಂದರ ಮೇಲೊಂದು ತುರುಕಿ ಕೊಟ್ಟ.

ಕಳೆದ ಭಾನುವಾರ ಕನ್ಯಾಮಾತೆಯ ಗುಡಿಗೆ ಸವಾರರ ಯಾತ್ರೆ. ರೊಸೌರಾ ಬರಲೇಬೇಕೆಂದು ಮೇಯರ್ ಹೇಳಿಕಳಿಸಿದ. ಎಫಿಗೇನಿಯಾ ಕುದುರೆ ಕೊಟ್ಟಳು. ಗುಡಿಯ ಮುಂದೆ ಗಂಡಸರು ಟೋಪಿ ತೆಗೆದರು. ಹೆಂಗಸರು ತೆಗೆಯುವ ಪದ್ಧತಿಯಿಲ್ಲ, ನಿನಗೆ ಗೊತ್ತು. ಆದರೂ ಮೇಯರ್ ಹೆಂಡತಿ, "ಏ ಹುಡುಗಿ, ನಿಂಗೆ ಬೇರೆ ಹೇಳ್ಬೇಕಾ? ತೆಗಿ!" ಎಂದಳು.

"ಹಾಗಾದ್ರೆ ಮೊದಲು ನಿಮ್ಮದು ತೆಗೀರಿ ಅಮ್ಮಾವ್ರೇ, ಬಣ್ಣ ಹಚ್ಚಿದ ಕೂದಲನ್ನೂ ತಾಯಿ ನೋಡ್ಲಿ" ಎಂದಳು ಎಫಿಗೇನಿಯಾ.

ಯಾರೋ ನಕ್ಕರು. ನಗು ನಿಲ್ಲುವಷ್ಟರಲ್ಲಿ ಪೊಲೀಸಿನವನು ರೊಸೌರಾಳ ಕುದುರೆಯ ಲಗಾಮು ಹಿಡಿದಿದ್ದ. ಅವನ ಇನ್ನೊಂದು ಕೈ ಮೇಲೇಳುವ ಮೊದಲೇ ರೊಸೌರಾ ತಾನೇ ಟೋಪಿ ತೆಗೆದಳು. ಮೊಳೆಯುತ್ತಿದ್ದ ಕೂದಲ ನಡುವೆ ಕತ್ತಿಯ ಗಾಯಗಳು ಬಿಸಿಲಿಗೆ ಕಂಡವು. ಯಾರೂ ಮಾತಾಡಲಿಲ್ಲ, ನಾನೂ. ಅಂದಿನಿಂದ ಅವಳೂ ಮಾತಾಡಿಲ್ಲ. ಮಲಗುವಾಗಲೂ ಟೋಪಿ ತೆಗೆಯುವುದಿಲ್ಲ.

ಬರುವ ಸೋಮವಾರ ಅವಳನ್ನು ಠಾಣೆಗೆ ಬರಹೇಳಿದ್ದಾರೆ. ನೀನು ಬಂದು ಶರಣಾದರೆ ಮಗಳನ್ನು ಬಿಡುತ್ತಾರಂತೆ. ಬರಬೇಡ, ಲೆಯಾಂದ್ರೊ. ಅಂಥದೇ ಮಾತು ನಂಬಿ ಬಂದ ನಿಮ್ಮ ಸಂಘದ ಕಾಸಿಮಿರೊ ಈಗ ಸ್ಮಶಾನದ ಗೋಡೆಯ ಬುಡದ ಮಣ್ಣಿನಲ್ಲಿದ್ದಾನೆ.

ಮಾತೆ ನಿನ್ನನ್ನು ತನ್ನ ಸೆರಗಿನೊಳಗೆ ಇಟ್ಟುಕೊಳ್ಳಲಿ. ನನ್ನ ನಂಬಿಕೆ ತೆಳುವಾಗಿದೆ, ಆದರೂ ನಮ್ಮ ಅಮ್ಮ ಹರಸುತ್ತಿದ್ದ ಮಾತನ್ನು ಹಾಗೆಯೇ ಬರೆಯುತ್ತಿದ್ದೇನೆ.

ನಿನ್ನ ಅಕ್ಕ,
ಎನ್ಕಾರ್ನಾ

ಇನ್ನೊಂದು ಮಾತು: ಎಫಿಗೇನಿಯಾ ತಾಂಜಿಯರ್‌ನ ಕುದುರೆ ಸಂತೆಗೆಂದು ಒಬ್ಬ ಸವಾರಿ ಹುಡುಗಿಯನ್ನು ಕರೆತಂದಿದ್ದಾಳೆ. ಕೆಳಗೆ ಕುದುರೆಯ ಬಳಿ ನಿಂತಿರುತ್ತಾಳೆ. ಅವಳು ರೊಸೌರಾ. ಮೊದಲೇ ಬರೆದಿದ್ದರೆ ನೀನು ಉಳಿದದ್ದನ್ನು ಓದದೆ ಓಡುತ್ತಿದ್ದೆ. ಈಗ ಓಡು. ಆದರೆ ಟೋಪಿಗೆ ಕೈ ಹಾಕಬೇಡ. ಅವಳೇ ತೆಗೆಯುವವರೆಗೆ ಕಾದಿರು. ಕೂದಲು ಬೆಳೆದಂತೆ ಒಳಗಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿಕೊಡು. ಸೋಮವಾರ ಠಾಣೆಗೆ ಅವಳ ಬದಲು ನಾನು ಹೋಗುತ್ತೇನೆ. ನನ್ನ ತಲೆಯಲ್ಲಿ ಇನ್ನೂ ಕೂದಲಿದೆ.