ಕನಸಲ್ಲಿ ಬಂದ ಪಟ್ಟು

ಪ್ರೀತಿಯ ಅಣ್ಣಾ,

ಕ್ಷೇಮವಾಗಿ ತಲುಪಿ, ಬ್ರೇಕ್‌ಡಾನ್ಸ್ ಪಂದ್ಯವನ್ನೂ ನೋಡಿದೆ. ಹಿಂದೆ ಬೀದಿ ಹುಡುಗರು ಹೊಡೆದಾಡುವ ಬದಲು ಸುತ್ತುಗಟ್ಟಿ ಕುಣಿದು ತೀರಿಸಿಕೊಳ್ಳುತ್ತಿದ್ದ ಜಗಳಕ್ಕೆ ಈಗ ತೀರ್ಪುಗಾರರು, ಟಿಕೆಟ್ಟು ಎಲ್ಲ ಬಂದಿವೆ. ಯಾರಾದರೂ ಇನ್ನೊಬ್ಬರ ಕುಣಿತದ ಪಟ್ಟು ಕದ್ದರೆ ಮಾತ್ರ, ನೋಡುವವರು ಇಂದಿಗೂ ಎರಡು ಕೈ ಚಾಚಿ ಮೊಸಳೆ ಬಾಯಿಯಂತೆ ಬಡಿದು ತೋರಿಸುತ್ತಾರೆ.

ನೀನು ಮೊಣಕೈ ಮುರಿದುಕೊಂಡು ಕಂಡುಹಿಡಿದ ಪಟ್ಟನ್ನೇ ಹಾಕಿ ನಿನ್ನ ಗೆಳೆಯ ‘ಬುಗುರಿ’ ಪಂದ್ಯ ಗೆದ್ದ. “ಎಲ್ಲಿ ಕಲಿತ್ಯೋ ಇದನ್ನ?” ಎಂದು ನಿರೂಪಕ ಕೇಳಿದರೆ, “ನಂದೇ ಗುರುವೇ, ಕನಸಲ್ಲಿ ಬಂತು!” ಎಂದ. ನಾನು ಎದ್ದು ಕೈ ಚಾಚಿದೆ. ಎಲ್ಲರೂ ತಿರುಗಿ ನೋಡಿದರು. ನಾಚಿ ಚಪ್ಪಾಳೆ ತಟ್ಟಿಬಿಟ್ಟೆ.

ಪ್ಲಾಸ್ಟರಿನೊಳಗೆ ಕಡ್ಡಿ ಹಾಕಿ ಕೆರೆಯಬೇಡ. ನಿನ್ನನ್ನು ಕೇಳದೆ ಪಟ್ಟು ಎತ್ತಿಕೊಂಡವನು ಹೊರಡುವಾಗ ಹೇಳಿದ: “ನಿಮ್ಮಣ್ಣನ್ನ ಕೇಳ್ದೆ ಅಂತ ಬರಿ.” ಬರೆದಿದ್ದೇನೆ.

ನಿನ್ನ ತಂಗಿ