ಸಂಗಪ್ಪ ಕಾಕಾನ ಹೊಲದ ಕರಕಿ

ಅಪ್ಪಾ,

ಈ ಕತೆಯನ್ನು ನನಗೆ ಪೂರ್ತಿಯಾಗಿ ಹೇಳಿದವನು ನಮ್ಮ ಬಾಜೂ ಹೊಲದ ಸಂಗಪ್ಪ ಕಾಕಾ. ಎಪ್ಪತ್ತಾರರ ಜೂನಿನಲ್ಲಿ ಮಿರಗ ಮಳೆ ಬಿದ್ದ ಮೂರನೆಯ ದಿನ, ನಮ್ಮೂರು ಮಸೂತಿಯಲ್ಲಿ ಎರಡೂ ಹೊಲಗಳ ನಡುವಿನ ಬದುವಿನ ಮೇಲೆ ಕೂತು ಹೇಳಿದ. ಕತೆ ನಿನ್ನದೇ. ಆದರೆ ಅದರ ಅರ್ಧ ನಿನಗೇ ಗೊತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹಾಸಿಗೆ ಹಿಡಿದ ಕೊನೆಯ ಬೇಸಿಗೆಯಲ್ಲಿ ನನ್ನೊಬ್ಬಳಿಗೇ ಹೇಳಿದ್ದು ನೆನಪಿದೆಯೇ? ಹರೆಯದಲ್ಲಿ ನೀನು ನಮ್ಮ ಹೊಲದ ಕರಕಿ, ಆ ಗರಿಕೆ ಹುಲ್ಲನ್ನು ಬೇರುಸಹಿತ ಅಗಿದು ತೆಗೆದೆ. ಒಣಗಿಸಿ ಸುಡಬೇಕಾದದ್ದನ್ನು ಬೇಸರಕ್ಕೆ ಸಂಗಪ್ಪನ ಬದುವಿಗೆ ಎಸೆದುಬಂದೆ. ಮರುವರ್ಷ ಅವನ ಜೋಳದೊಳಗೆಲ್ಲ ಕರಕಿ. "ಒಬ್ಬನ ಹೊಲಾ ಕೆಡಿಸೀನಿ, ಶಾಂತಾ. ಯಾರಿಗೂ ಹೇಳಬ್ಯಾಡ" ಎಂದೆ. ಪ್ರತಿ ವರ್ಷ ಸುಗ್ಗಿ ಮುಗಿದೊಡನೆ, ಯಾರೂ ಕರೆಯದಿದ್ದರೂ, ಗುದ್ದಲಿ ಹೊತ್ತು ಅವನ ಹೊಲ ಅಗಿಯಲು ಹೋಗುತ್ತಿದ್ದದ್ದು ಏಕೆಂದು ಆಗ ತಿಳಿಯಿತು. ತನ್ನದು ಬಿಟ್ಟು ಮಂದಿಯದು ಅಗಿಯುತ್ತಾನೆಂದು ಅವ್ವ ಬೈದದ್ದೇ ಬೈದದ್ದು. ನೀನು ಒಂದು ದಿನವಾದರೂ ಉತ್ತರ ಕೊಟ್ಟೆಯಾ? ಅದನ್ನು ಹೊತ್ತೇ ಹೋದೆ...

ಬಾಗೇವಾಡಿಯಲ್ಲಿ ನಾವು ಮನೆ ಕಟ್ಟಿಸಿದಾಗ ನಿನ್ನ ಮೊಮ್ಮಗಳು ಆಗಷ್ಟೇ ತಪ್ಪುಹೆಜ್ಜೆ ಇಡುತ್ತಿದ್ದಳು. ಅಂಗಳದ ತುಂಬ ನೆಗ್ಗಿನ ಮುಳ್ಳು. ನಿನ್ನ ಅಳಿಯ ಓವರ್‌ಸಿಯರ್ ಅಲ್ಲವೇ, ಸರ್ಕಾರಿ ಬಂಗಲೆಗಳಲ್ಲಿ ಕಂಡಂಥ ಹುಲ್ಲುಹಾಸು ಬೇಕೆಂದರು. ಬೆಳಗಾವಿ ಕಡೆಯಿಂದ ಅಗಲ ಎಲೆಯ ಹುಲ್ಲು ತಂದು ಎರೆಮಣ್ಣಿನ ಮೇಲೇ ಹಾಸಿದರು. ಯುಗಾದಿಯ ಹೊತ್ತಿಗೆ ನೆಲ ಅಂಗೈ ಇಳಿಯುವಷ್ಟು ಬಿರಿಯಿತು, ಬೇರು ಬಿರುಕಿನಲ್ಲಿ ಜೋತು ಒಣಗಿತು. ನೀರು ಹೆಚ್ಚು ಹಾಕಿದ ಕಡೆ ಕೊಳೆಯಿತು.

ಕೊನೆಗೆ ಮುದ್ದೇಬಿಹಾಳದ ಬಂಗಲೆಯ ಮಾಲಿ ದಾರಿ ಹೇಳಿದ. ಗೇಣು ಎತ್ತರ ಕೆಂಪು ಮಸಾರಿ ಮಣ್ಣು, ಹಳ್ಳದ ಮರಳು, ಹಳೆಯ ತಿಪ್ಪೆಗೊಬ್ಬರ ಬೆರೆಸಿ ಹರಡಬೇಕು. ಮಳೆ ಹಿಡಿದ ಮೇಲೆ ಕರಕಿ ನೆಡಬೇಕು. ಈ ನೆಲದಲ್ಲಿ ಬೇರೆ ಯಾವುದೂ ನಿಲ್ಲುವುದಿಲ್ಲವಂತೆ. ನೀನು ಹೋದಮೇಲೆ ನಮ್ಮಲ್ಲೇ ಇರುವ ಅವ್ವ ದಂಗಾದಳು. "ನಿಮ್ಮಪ್ಪ ಜನ್ಮಾ ಎಲ್ಲಾ ಅಗದು ತಗದ. ನೀವು ತಂದು ಹಚ್ಚತೀರಿ?"

ನಮ್ಮ ಹೊಲದಲ್ಲಿ ನೀನು ಒಂದು ಎಳೆಯನ್ನೂ ಉಳಿಸಿರಲಿಲ್ಲ. ಊರ ಗಟಾರದ ದಂಡೆಯ ಕರಕಿಯಲ್ಲಿ ಜೇಕಿನ ಕಳೆ ಸೇರಿಕೊಂಡಿತ್ತು. ಸಂಗಪ್ಪ ಕಾಕಾನ ಹೊಲಕ್ಕೇ ಹೋದೆ. ನಿಜ ಹೇಳಲೇ? ಕರಕಿ ಬರೀ ನೆಪ. ನೀನು ಹೇಳಿದ ಮಾತು ನನ್ನನ್ನೂ ಸುಮ್ಮನಿರಲು ಬಿಟ್ಟಿರಲಿಲ್ಲ.

ಕಾಕಾ ಬೊಚ್ಚುಬಾಯಿ ತೆರೆದು ನಕ್ಕ. "ಕರಕಿ ಬೇಡಾಕ ಬಂದ ಮೊದಲನೇ ಗಿರಾಕಿ ನೀನ, ಯವ್ವಾ. ಹೊಲದ ತುಂಬ ಐತಿ, ಹೊತಗೊಂಡು ಹೋಗು." ಆಗ ಎಲ್ಲ ಹೇಳಿಬಿಟ್ಟೆ. ಅವನ ನಗು ನಿಂತಿತು. ನೀನು ಎಸೆದದ್ದನ್ನು ಅವನೂ ನೋಡಿದ್ದನಂತೆ. ಆದರೆ ಮಳೆಗೆ ಮೊದಲೇ, ತೀರಿಹೋದ ಕಾಕಿ ಅದನ್ನೆಲ್ಲ ಬಳಿದು ತಂದು ನೀರೊಲೆಗೆ ಹಾಕಿ ಸುಟ್ಟಿದ್ದಳು. ಅವನ ಹೊಲದ ಕರಕಿ ಅವನ ಮುತ್ಯಾನ ಕಾಲದ್ದು. ಆ ವರ್ಷ ಮಳೆ ಹೆಚ್ಚಾಗಿ ಎದ್ದು ಕಂಡಿತು, ಅಷ್ಟೇ.

"ಮತ್ಯಾಕ ಅಪ್ಪಗ ಹೇಳಲಿಲ್ಲ, ಕಾಕಾ?"

"ಹೇಳಿದ್ರ ಅಂವ ಬರೂದ ಬಿಡತಿದ್ದ. ಅಗಿಯೂತ ಅಗಿಯೂತ ಒಂದು ಕತಿ ಚಾಲೂ ಮಾಡ್ತಿದ್ದ, ಮುಗಸಲಾರದ ಮನೀಗೆ ಹೋಗ್ತಿದ್ದ. ನಾಳಿ ಮುಂದಿಂದು ಕೇಳಬೇಕಂತ ನಾ ಸುಮ್ಮನಿದ್ದೆ." ಸ್ವಲ್ಪ ಹೊತ್ತು ಮಣ್ಣು ಕೆದರಿದ. "ಇಷ್ಟು ಮನಸಿಗೆ ಹಚಗೊಂಡಾನಂತ ನನಗ ತಿಳೀಲಿಲ್ಲ, ಯವ್ವಾ."

ಅಲ್ಲೇ ಕೂತು ಅತ್ತೆ, ಆಮೇಲೆ ನಕ್ಕೆ. ಅಪ್ಪಾ, ನೀನು ಯಾರ ಹೊಲವನ್ನೂ ಕೆಡಿಸಿಲ್ಲ. ಕೇಳಿಸಿತೇ? ಕೆಡಿಸಿಲ್ಲ.

ಹುಲ್ಲು ಈಗ ದಟ್ಟವಾಗಿ ಹಿಡಿದಿದೆ. ವಾರಕ್ಕೊಮ್ಮೆ ಕುಡಗೋಲಿನಿಂದ ಕೊಯ್ಯುತ್ತೇನೆ. ಬಾಜೂ ಮನೆಗೆ ದಾಟದಂತೆ ಅಂಚಿನುದ್ದಕ್ಕೂ ಮೊಳದಾಳ ಫರಸಿ ಕಲ್ಲು ಹೂತಿದ್ದೇವೆ. ಮಗಳು ಬೀಳುತ್ತಾಳೆ, ಅಳುವುದಿಲ್ಲ.

ಅಂದು ಸಂಜೆ ಕಾಕಾನ ಕರಕಿ ಹೊತ್ತು ಊರಿಂದ ಬಂದವಳೇ ಈ ಕತೆಯನ್ನು ಅವ್ವನಿಗೂ ನಿನ್ನ ಅಳಿಯನಿಗೂ ಹೇಳಿದೆ. ಯಾರಿಗೂ ಹೇಳಬೇಡ ಎಂದು ನೀನು ಹೇಳಿದ್ದೆ, ಆದರೆ ಇನ್ನು ಮುಚ್ಚಿಡುವುದೇನಿತ್ತು?

ಮರುದಿನ ಮುಂಜಾನೆ ನಿನ್ನ ಅಳಿಯ ಕರಕಿಯ ಬಳ್ಳಿಗಳನ್ನು ಮೂರು ಮೂರು ಗೆಣ್ಣಿಗೆ ಕತ್ತರಿಸಿ, ಗೇಣಿಗೊಂದರಂತೆ ಹಚ್ಚುತ್ತ ಕೂತರು. ಅವ್ವ ಅಷ್ಟರಲ್ಲಿ ರೊಟ್ಟಿ ಬಡಿದು, ಸೀರೆ ಉಟ್ಟು, ಮಸೂತಿಯ ಮೊದಲ ಬಸ್ಸಿಗೆ ತಯಾರಾಗಿದ್ದಳು. ಎಲ್ಲಿಗೆಂದು ಕೇಳಿದೆ. "ಆ ಸಂಗ್ಯಾಗ ನಾಕ ಮಾತು ಬೈದು ಬರ್ತೇನಿ" ಎಂದಳು. ಬುತ್ತಿಗಂಟನ್ನು ಬಸ್ಸಿನೊಳಗೆ ನಾನೇ ಎತ್ತಿಕೊಟ್ಟೆ. ಗರಿಗರಿ ಕಟಿ ರೊಟ್ಟಿ, ಶೇಂಗಾ ಚಟ್ನಿಯ ಹಿಂಡಿ, ಮೊಸರು ಇದ್ದವು. ಹಲ್ಲಿಲ್ಲದ ಕಾಕಾನಿಗೆಂದು ನಾಲ್ಕು ಮೆತ್ತನ್ನ ರೊಟ್ಟಿಗಳನ್ನು ಬೇರೆ ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿದ್ದಳು.

ನಿನ್ನ
ಶಾಂತಾ